ಕಟ್ಟಿದವರು, ಕಟ್ಟಿಸಿದವರು: ವರ್ಜೀನಿಯಾದ ರಸ್ತೆಬದಿ ಫಲಕಗಳು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ರಿಚ್ಮಂಡ್‌ನಿಂದ ವಿಲಿಯಮ್ಸ್‌ಬರ್ಗ್‌ಗೆ ಹೋಗುವ ರೂಟ್ 5 ಜೇಮ್ಸ್ ನದಿಯ ಉತ್ತರ ದಂಡೆಯ ಜೊತೆಜೊತೆಗೇ ಸಾಗುವ ರಸ್ತೆ. ಆದರೆ ನದಿ ಕಣ್ಣಿಗೆ ಬೀಳುವುದು ಅಪರೂಪ. ಹೊಲ, ಕಾಡು, ಮತ್ತೆ ಹೊಲ, ಅಲ್ಲಲ್ಲಿ ಕಂಬದ ಮೇಲೆ ನಿಂತ ಬೆಳ್ಳಿಬಣ್ಣದ ಲೋಹದ ಫಲಕ, ಅದರ ಮೇಲೆ ಕಪ್ಪು ಅಕ್ಷರ. ಶರ್ಲಿ, ಬರ್ಕ್ಲಿ, ವೆಸ್ಟೋವರ್ ಎಂಬ ದೊಡ್ಡ ದೊಡ್ಡ ವಸಾಹತು ಕಾಲದ ಎಸ್ಟೇಟುಗಳೆಲ್ಲ ಈ ಪಟ್ಟಿಯಲ್ಲೇ ಇವೆ. ಫಲಕದ ಮುಂದೆ ನಿಂತು ಸುತ್ತ ನೋಡಿದರೆ ಮನೆ ಮಾತ್ರ ಎಲ್ಲೂ ಕಾಣುವುದಿಲ್ಲ.

ಕಾರಣ ಸರಳ. ಆ ಕಾಲಕ್ಕೆ ಹೆದ್ದಾರಿ ಎಂದರೆ ನದಿ. ಎಸ್ಟೇಟು ಎಂದರೆ ನಮ್ಮಲ್ಲಿ ಕಾಫಿ ನೆನಪಾಗುತ್ತದೆ, ಇಲ್ಲಿಯದು ತಂಬಾಕು. ಒಣಗಿಸಿದ ಎಲೆಯನ್ನು ಹಾಗ್ಸ್‌ಹೆಡ್ ಎಂಬ ದೊಡ್ಡ ಮರದ ಪೀಪಾಯಿಗಳಿಗೆ ಒತ್ತಿ ತುಂಬುತ್ತಿದ್ದರು, ಒಂದೊಂದರ ತೂಕ ಹತ್ತಿರಹತ್ತಿರ 1,000 ಪೌಂಡು. ಅದನ್ನು ಕೆಸರು ದಾರಿಯಲ್ಲಿ ದೂರ ಎಳೆಯುವುದಕ್ಕಿಂತ ಹತ್ತಿರದ ಕಟ್ಟೆಯಿಂದ ದೋಣಿಗೆ ಏರಿಸುವುದೇ ಸುಲಭ. ಹಾಗಾಗಿ ಮನೆಯ ಮುಖ್ಯ ಬಾಗಿಲು ನದಿಯ ಕಡೆಗೆ. ಇಂದಿನ ರಸ್ತೆ ಹಾದುಹೋಗುವುದು ಹಿತ್ತಿಲಿನ ಆಚೆ, ಕೆಲವು ಕಡೆ ಮೈಲಿಗಟ್ಟಲೆ ಆಚೆ. ಫಲಕ ನಿಂತಿರುವುದು ಎಸ್ಟೇಟಿನ ಬೆನ್ನಿನ ಕಡೆ ಎಂಬುದನ್ನು ನೆನಪಿಟ್ಟುಕೊಂಡರೆ 'ದಕ್ಷಿಣಕ್ಕೆ ಇಷ್ಟು ಮೈಲಿ' ಎಂಬ ಸಾಲು ತಾನಾಗಿ ಅರ್ಥವಾಗುತ್ತದೆ. ರಸ್ತೆ ಅಗಲ ಮಾಡುವಾಗ ಫಲಕವನ್ನು ಕಿತ್ತು ಬೇರೆಡೆ ನೆಟ್ಟರೆ ಮೊದಲು ಸುಳ್ಳಾಗುವ ಸಾಲೂ ಅದೇ.

ಫಲಕ ಓದುವುದಕ್ಕೂ ಒಂದು ಕ್ರಮ ಇದೆ. ಮೇಲಿನ ಶೀರ್ಷಿಕೆಗಿಂತ ಮೊದಲು ಕೆಳಗಿನ ಸಣ್ಣ ಸಾಲು ನೋಡಬೇಕು. ನಿಲ್ಲಿಸಿದ ಇಲಾಖೆ ಯಾವುದು, ವರ್ಷ ಯಾವುದು ಎಂದು ಅಲ್ಲಿರುತ್ತದೆ. ವರ್ಜೀನಿಯಾದಲ್ಲಿ ಈ ಯೋಜನೆ 1927ರಲ್ಲಿ ಯುಎಸ್ ರೂಟ್ 1ರ ಉದ್ದಕ್ಕೂ ಶುರುವಾಯಿತು. ಕಾರು ಕೊಂಡ ಜನ ಊರು ನೋಡಲು ಹೊರಟಿದ್ದ ಕಾಲ ಅದು, ಫಲಕಗಳ ಹಿಂದೆ ಪ್ರವಾಸೋದ್ಯಮದ ಲೆಕ್ಕಾಚಾರವೂ ಇತ್ತು. ಈಗ ಫಲಕಗಳ ಸಂಖ್ಯೆ 2,600 ದಾಟಿದೆ, ಹೊಣೆ ರಾಜ್ಯದ ಐತಿಹಾಸಿಕ ಸಂಪನ್ಮೂಲ ಇಲಾಖೆಯದು. ಈ ನಡುವೆ ಯೋಜನೆ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಕೈಬದಲಿಸುತ್ತ ಬಂದಿದೆ. ಆದ್ದರಿಂದ ಕೆಳಸಾಲಿನಲ್ಲಿ 1930ರ ಸುಮಾರಿನ ವರ್ಷ ಕಂಡರೆ, ಅದು 1700ರ ಬಗ್ಗೆ 1930ರ ಜನ ಏನು ಹೇಳಲು ಬಯಸಿದ್ದರು ಎಂಬುದರ ದಾಖಲೆ ಎಂದು ತಿಳಿದು ಓದಬೇಕು. ಆ ತಲೆಮಾರಿನ ಫಲಕಗಳಲ್ಲಿ ಯಜಮಾನನ ಮನೆತನ, ಅಧ್ಯಕ್ಷರ ಜನ್ಮಸ್ಥಳ, ಅಂತರ್ಯುದ್ಧದ ದಂಡಿನ ಓಡಾಟ, ಇಷ್ಟೇ.

ಈ ಫಲಕಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಒಂದು ಪುಟ್ಟ ಕ್ರಿಯಾಪದ. ಇಂಗ್ಲಿಷಿನಲ್ಲಿ ಯಜಮಾನ ಮನೆಯನ್ನು 'ಬಿಲ್ಟ್' ಎಂದು ಬರೆದುಬಿಡುತ್ತಾರೆ. ಆ ಒಂದೇ ಪದ ದುಡ್ಡು ಕೊಟ್ಟವನನ್ನೂ ಇಟ್ಟಿಗೆ ಹೊತ್ತವನನ್ನೂ ಒಟ್ಟಿಗೆ ನುಂಗುತ್ತದೆ. ನಾವಾದರೆ 'ಕಟ್ಟಿದ', 'ಕಟ್ಟಿಸಿದ' ಎಂದು ಎರಡು ಮಾತು ಆಡುತ್ತೇವೆ. 'ಇಸು' ಎಂಬ ಎರಡಕ್ಷರದ ಪ್ರತ್ಯಯ ನಮ್ಮಲ್ಲಿ ಮಾಡುವ ಕೆಲಸಕ್ಕೆ ಅಲ್ಲಿ ಪೂರ್ತಿ ಒಂದು ವಾಕ್ಯ ಬೇಕು, ನೂರು ಪದದ ಫಲಕದಲ್ಲಿ ಆ ವಾಕ್ಯಕ್ಕೆ ಜಾಗ ಸಿಕ್ಕದೆ ಹೋಯಿತು. ಕನ್ನಡದ ಓದುಗ ಇಂಥ ಫಲಕವನ್ನು ಮನಸ್ಸಿನಲ್ಲೇ ಅನುವಾದಿಸಿಕೊಳ್ಳುವಾಗ ತಡವರಿಸಬೇಕಾದ ಜಾಗ ಇದೇ: ಕಟ್ಟಿದನೋ, ಕಟ್ಟಿಸಿದನೋ? ಕಟ್ಟಿಸಿದ್ದಾದರೆ ಕಟ್ಟಿದವರು ಯಾರು?

ಅದಕ್ಕೆ ಉತ್ತರ ಬಹಳ ಸಲ ಗೋಡೆಯಲ್ಲೇ ಇದೆ. ಈ ನದಿಬಯಲಿನ ಮನೆಗಳ ಇಟ್ಟಿಗೆಯನ್ನು ಸಾಮಾನ್ಯವಾಗಿ ಅಲ್ಲಿಯ ಮಣ್ಣಿನಲ್ಲೇ ಹಾಕಿ ಅಲ್ಲಿಯೇ ಸುಟ್ಟಿದ್ದಾರೆ. ಆ ಸೀಮೆಯಲ್ಲಿ ಸುಣ್ಣದಕಲ್ಲು ಸಿಗುತ್ತಿರಲಿಲ್ಲ, ಹಾಗಾಗಿ ಗಾರೆಯ ಸುಣ್ಣ ಬಂದದ್ದು ಸಿಂಪಿ ಚಿಪ್ಪು ಸುಟ್ಟು. ಸಂದುಗಳನ್ನು ಹತ್ತಿರದಿಂದ ನೋಡಿದರೆ ಅರೆಬೆಂದ ಚಿಪ್ಪಿನ ಬಿಳಿ ಚೂರುಗಳು ಇನ್ನೂ ಕಾಣುತ್ತವೆ. ಒಂದು ಉದ್ದ ಮುಖ, ಒಂದು ಅಡ್ಡ ಮುಖ ಹೀಗೆ ಜೋಡಿಸಿದ ಸಾಲುಗಳಲ್ಲಿ ಅಡ್ಡ ಮುಖದ ಇಟ್ಟಿಗೆ ಕೆಲವು ಕಡೆ ಗಾಜಿನಂತೆ ಮಿರುಗುತ್ತದೆ, ಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರವಿದ್ದ ಇಟ್ಟಿಗೆ ಅದು. ಮಣ್ಣು ತುಳಿಯುವುದು, ಅಚ್ಚಿಗೆ ಹಾಕುವುದು, ಸೌದೆ ಕಡಿಯುವುದು, ಚಿಪ್ಪು ಹೊರುವುದು ಎಲ್ಲ ಸೇರಿದರೆ ಒಂದು ಮನೆಯ ಹಿಂದೆ ವರ್ಷಗಟ್ಟಲೆ ದುಡಿಮೆ. ಅದರ ಬಹುಪಾಲು ದುಡಿಮೆ ಗುಲಾಮಗಿರಿಗೆ ತಳ್ಳಲ್ಪಟ್ಟ ಆಫ್ರಿಕನ್ನರದು, ಜೊತೆಗೆ ಕರಾರಿನ ಮೇಲೆ ಹಡಗು ಹತ್ತಿ ಬಂದ ಯುರೋಪಿನ ಬಡವರದು, ಕೂಲಿಗೆ ಕರೆಸಿದ ಕುಶಲಕರ್ಮಿಗಳದು. ವರ್ಜೀನಿಯಾದ್ದೇ ಇನ್ನೊಂದು ಎಸ್ಟೇಟಿನ ಮನೆ ಗನ್‌ಸ್ಟನ್ ಹಾಲ್‌ನ ಒಳಾಂಗಣ ಮಾಡಿದ ವಿಲಿಯಂ ಬಕ್ಲಂಡ್ ಕೂಡ ಇಂಗ್ಲೆಂಡಿನಿಂದ ಕರಾರಿನ ಮೇಲೆಯೇ ಬಂದವನು. ಅವನ ಹೆಸರು ಉಳಿದಿದೆ, ಇಟ್ಟಿಗೆ ಹೊತ್ತವರದು ಉಳಿದಿಲ್ಲ.

ಇಸವಿಯ ಕಥೆ ಇನ್ನೊಂದು. ವೆಸ್ಟೋವರ್ ಮನೆಯನ್ನು 1730ರ ಸುಮಾರಿಗೆ ಎರಡನೇ ವಿಲಿಯಂ ಬರ್ಡ್ ಕಟ್ಟಿಸಿದ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ರಿಚ್ಮಂಡ್ ನಗರಕ್ಕೆ ನಕ್ಷೆ ಹಾಕಿಸಿದವನು, ಸಂಕೇತಲಿಪಿಯಲ್ಲಿ ದಿನಚರಿ ಬರೆದಿಟ್ಟವನು, ಹೆಸರುವಾಸಿ ಮನುಷ್ಯ, ಹಾಗಾಗಿ ಹೆಸರುವಾಸಿ ಮನೆಯೂ ಅವನ ಲೆಕ್ಕಕ್ಕೇ ಹೋಯಿತು. ಆದರೆ ಅವನು ತೀರಿಕೊಂಡದ್ದು 1744ರಲ್ಲಿ. ಮನೆಯ ಮರದ ತೊಲೆಗಳಲ್ಲಿರುವ ಬೆಳವಣಿಗೆಯ ಬಳೆಗಳನ್ನು ಎಣಿಸಿದ ಮೇಲೆ ಸಿಕ್ಕ ಕಾಲ 1750ರ ಆಸುಪಾಸು. ಅಂದರೆ ಕಟ್ಟಿಸಿದವನು ಮಗ, ಮೂರನೇ ವಿಲಿಯಂ ಬರ್ಡ್: ಜೂಜಿನ ಸಾಲಕ್ಕೆ ಆಸ್ತಿಯನ್ನು ಲಾಟರಿಗಿಟ್ಟು, 1777ರ ಜನವರಿಯ ಆರಂಭದಲ್ಲಿ ತನ್ನ ಕೈಯಾರೆ ಜೀವ ಕಳೆದುಕೊಂಡವನು. ಇಪ್ಪತ್ತು ವರ್ಷದ ವ್ಯತ್ಯಾಸ ಸಣ್ಣದಲ್ಲ, ಯಜಮಾನನೇ ಬದಲಾಗಿಬಿಡುತ್ತಾನೆ.

ಬಳೆ ಎಣಿಸುವ ಕೆಲಸ ಹೇಗೆಂದರೆ, ತೊಲೆಗೆ ಪೆನ್ಸಿಲ್‌ನಷ್ಟು ತೆಳ್ಳಗಿನ ತೂತು ಕೊರೆದು ಒಂದು ಕಡ್ಡಿ ಹೊರತೆಗೆಯುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷದ ಬಳೆ ದಪ್ಪ, ಬರದ ವರ್ಷದ್ದು ಸಣ್ಣ. ಈ ದಪ್ಪ-ಸಣ್ಣದ ಸರಣಿಯನ್ನು ಆ ಪ್ರದೇಶದ ತಿಳಿದ ಸರಣಿಯ ಜೊತೆ ಹೊಂದಿಸುತ್ತಾರೆ. ಕೊನೆಯ ಬಳೆ, ತೊಗಟೆಯ ಅಂಚು ಸಹಿತ, ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಬಡಗಿ ಅಂಚನ್ನು ಕೆತ್ತಿ ಚೌಕ ಮಾಡಿಬಿಟ್ಟಿದ್ದರೆ 'ಈ ವರ್ಷದ ನಂತರ' ಎಂದಷ್ಟೇ ಹೇಳಬಹುದು. ಹಳೆಯ ಮನೆ ಕೆಡವಿದ ಮರವನ್ನು ಮತ್ತೆ ಬಳಸಿದ್ದರೆ ಲೆಕ್ಕವೇ ತಪ್ಪುತ್ತದೆ, ಅದಕ್ಕೇ ಒಂದು ತೊಲೆ ಸಾಲದು, ಮಹಡಿ, ಚಾವಣಿ, ನೆಲದ ಕೆಳಗೆ ಹೀಗೆ ಬೇರೆ ಬೇರೆ ಕಡೆಯವು ಬೇಕು.

ಕಾಗದಪತ್ರದ ಹುಡುಕಾಟ ಈ ಸೀಮೆಯಲ್ಲಿ ಸುಲಭವಲ್ಲ. ಈ ಎಸ್ಟೇಟುಗಳಿರುವ ಚಾರ್ಲ್ಸ್ ಸಿಟಿ ಕೌಂಟಿಯ ನ್ಯಾಯಾಲಯದ ಕಡತಗಳಲ್ಲಿ ಬಹಳಷ್ಟು ಅಂತರ್ಯುದ್ಧದ ಹೊತ್ತಿಗೆ ಹಾಳಾದವು. ಆದ್ದರಿಂದ ಕೌಂಟಿಯ ಹೊರಗೆ ಉಳಿದದ್ದನ್ನೇ ಹಿಡಿಯಬೇಕು. ಭೂಮಿ ಮಂಜೂರಾತಿಯ ಪುಸ್ತಕಗಳು ರಾಜ್ಯ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ತಲೆಯೆಣಿಕೆಯ ಲೆಕ್ಕ ಕಾಣುತ್ತದೆ: 1618ರಿಂದ, ಸಮುದ್ರ ದಾಟಿಸಿ ತಂದ ಒಬ್ಬೊಬ್ಬರಿಗೆ 50 ಎಕರೆ. ತಂದವನಿಗೆ ಭೂಮಿ, ಬಂದವನಿಗಲ್ಲ. ಆಫ್ರಿಕಾದಿಂದ ಹಿಡಿದು ತಂದವರ ತಲೆಗೂ ಕೆಲವು ದಶಕ ಭೂಮಿ ಪಡೆದಿದ್ದಾರೆ. ದೊಡ್ಡ ಎಸ್ಟೇಟು ಹೇಗೆ ದೊಡ್ಡದಾಯಿತು ಎಂಬುದಕ್ಕೆ ಇದಕ್ಕಿಂತ ಚಿಕ್ಕ ವಿವರಣೆ ಇಲ್ಲ, ಆದರೂ ಫಲಕಗಳಲ್ಲಿ ಇದು ಬರುವುದು ಕಡಿಮೆ. 1782ರಿಂದ ವರ್ಷ ವರ್ಷದ ಕಂದಾಯ ಪಟ್ಟಿಗಳಿವೆ, ಭೂಮಿಗೆ ಒಂದು, ಚರಾಸ್ತಿಗೆ ಒಂದು. ಎರಡನೆಯದರ ಮೊದಲ ಕೆಲವು ವರ್ಷಗಳಲ್ಲಿ, ಹಲವು ಕೌಂಟಿಗಳಲ್ಲಿ, ಗುಲಾಮರ ಹೆಸರುಗಳನ್ನೂ ಬರೆದಿದ್ದಾರೆ, ಕುದುರೆ ದನಗಳ ಎಣಿಕೆಯ ಪಕ್ಕದಲ್ಲಿ. ಹೆಸರು ಬೇಕಾದವರು ಅಲ್ಲಿ ನೋಡಬೇಕು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ವಯಸ್ಸು, ಲಿಂಗ, ಬಣ್ಣ ಇವೆ, ಹೆಸರಿನ ಅಂಕಣವೇ ಒಡೆಯನದು. ಇನ್ನು 1794ರಲ್ಲಿ ಶುರುವಾದ ಮ್ಯೂಚುಯಲ್ ಅಶ್ಯೂರೆನ್ಸ್ ಸೊಸೈಟಿಯ ಬೆಂಕಿ ವಿಮೆಯ ಪಾಲಿಸಿಗಳು ಅಪ್ಪಟ ಚಿನ್ನ. ಪ್ರತಿ ಕಟ್ಟಡದ ಅಳತೆ, ಗೋಡೆ ಯಾವುದರದು, ಚಾವಣಿ ಯಾವುದರದು, ಒಂದಕ್ಕೊಂದು ಎಷ್ಟು ದೂರ ಎಂದು ಸಣ್ಣ ನಕ್ಷೆಯ ಸಮೇತ. ಅಡುಗೆಮನೆ, ಹೊಗೆಮನೆ, ಲಾಂಡ್ರಿ ಎಲ್ಲಿದ್ದವು ಎಂದು ಹಲವು ಸಲ ಅಲ್ಲಿ ಮಾತ್ರ ಗೊತ್ತಾಗುತ್ತದೆ.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ತುಂಬ ಜನ ಎಡವುವುದು ಇಲ್ಲೇ. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಾಖಲೆಗಳಲ್ಲಿ ಬರೆದಿರುವ ಇಸವಿ ಸಾಮಾನ್ಯವಾಗಿ ನಮ್ಮ ಲೆಕ್ಕಕ್ಕಿಂತ ಒಂದು ಕಡಿಮೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಆಗಿನ ಲೆಕ್ಕದಲ್ಲಿ 1731ರ ಫೆಬ್ರವರಿ 11, ಈಗಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಅಲ್ಲಿಯ ಮೂಲನಿವಾಸಿ ಪೌಹಟನ್ ಜನ ವಸಾಹತಿನ ಮೇಲೆ ಎರಗಿದ ಮಾರ್ಚ್ 22 ಕೂಡ ಆಗಿನ ಕಾಗದದಲ್ಲಿ 1621, ನಾವು ಓದುವುದು 1622. ಉಯಿಲು ಬರೆದದ್ದು 'ಡಿಸೆಂಬರ್ 1725', ಅದು ಸಾಬೀತಾದದ್ದು 'ಫೆಬ್ರವರಿ 1725' ಎಂದಿದ್ದರೆ ಯಾರೂ ಕಾಲಯಂತ್ರ ಹತ್ತಿಲ್ಲ, ಕ್ಯಾಲೆಂಡರ್ ಹಳೆಯದು ಅಷ್ಟೇ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಎಂಬುದೂ ಗೊತ್ತಿರಲಿ. ಫಲಕದಲ್ಲಿ ತಿಂಗಳು-ದಿನ ಹಾಕದೆ ಇಸವಿ ಮಾತ್ರ ಹಾಕುವುದು ಜಾಣತನ, ಅದನ್ನೂ ಹೊಸ ಲೆಕ್ಕಕ್ಕೆ ತಿರುಗಿಸಿ.

ಪದಗಳೂ ಹೀಗೇ ವೇಷ ಮರೆಸಿಕೊಂಡಿವೆ. 1600ರ ಮೊದಲ ದಶಕಗಳಲ್ಲಿ 'ಪ್ಲಾಂಟೇಷನ್' ಎಂದರೆ ತೋಟವಲ್ಲ, ಜನರನ್ನು 'ನೆಟ್ಟ' ಜಾಗ, ಅಂದರೆ ವಸಾಹತು. ರೋಡ್ ಐಲಂಡ್ ರಾಜ್ಯದ ಅಧಿಕೃತ ಹೆಸರಿನಲ್ಲಿದ್ದ 'ಪ್ಲಾಂಟೇಷನ್ಸ್' ಈ ಹಳೆಯ ಅರ್ಥದ್ದು, ಆದರೂ ಪದ ಹೊತ್ತ ಭಾರ ನೋಡಿ 2020ರಲ್ಲಿ ಮತದಾರರು ಅದನ್ನು ಕೈಬಿಟ್ಟರು. 'ಹಂಡ್ರೆಡ್' ಎಂಬುದು ಇಂಗ್ಲೆಂಡಿನ ಆಡಳಿತ ವಿಭಾಗದ ಹೆಸರು, ಬರ್ಕ್ಲಿ ಹಂಡ್ರೆಡ್ ಎಂದರೆ ನೂರು ಜನವೆಂದೋ ನೂರು ಎಕರೆಯೆಂದೋ ತಿಳಿಯಬಾರದು. 'ಕ್ವಾರ್ಟರ್' ಎಂದರೆ ಬರೀ ಆಳುಗಳ ಗುಡಿಸಲಲ್ಲ, ಮೇಸ್ತ್ರಿಯೊಬ್ಬನ ಕೆಳಗೆ ನಡೆಯುತ್ತಿದ್ದ ಹೊರವಲಯದ ಪೂರ್ತಿ ಹೊಲವೊಂದು. 'ಸರ್ವೆಂಟ್' ಎಂಬ ಪದ ಹಳೆಯ ಫಲಕದಲ್ಲಿ ಕಂಡರೆ ನಿಲ್ಲಬೇಕು: ಕರಾರಿನ ಆಳೋ, ಗುಲಾಮನೋ? ಆಗಿನ ಕಾಲದವರು ಎರಡಕ್ಕೂ ಬಳಸಿದ್ದಾರೆ, ಆಮೇಲಿನವರು ಎರಡನೆಯದನ್ನು ಮುಚ್ಚಲು ಬಳಸಿದ್ದಾರೆ.

ಎಲ್ಲಕ್ಕಿಂತ ಅಪಾಯದ ಪದ 'ಮೊದಲ'. ಬರ್ಕ್ಲಿಗೆ 1619ರ ಡಿಸೆಂಬರ್ 4ರಂದು ಬಂದಿಳಿದವರಿಗೆ ಆ ದಿನವನ್ನು ವರ್ಷ ವರ್ಷವೂ ದೇವರಿಗೆ ಕೃತಜ್ಞತೆಯ ದಿನವಾಗಿ ಆಚರಿಸಲು ಅಪ್ಪಣೆಯಿತ್ತು. ಹಾಗಾಗಿ ಮೊದಲ ಥ್ಯಾಂಕ್ಸ್‌ಗಿವಿಂಗ್ ತಮ್ಮದೇ ಎಂದು ವರ್ಜೀನಿಯಾದವರು, 1621ರ ಪ್ಲಿಮತ್‌ನ ಸುಗ್ಗಿ ಊಟವೇ ಮೊದಲೆಂದು ಮ್ಯಾಸಚೂಸೆಟ್ಸ್‌ನವರು. ಅಧ್ಯಕ್ಷ ಕೆನಡಿ 1963ರ ಘೋಷಣೆಯಲ್ಲಿ ಎರಡೂ ರಾಜ್ಯಗಳ ಹೆಸರು ಹೇಳಿ ಜಾರಿಕೊಂಡರು. ಫಲಕ ಬರೆಯುವವರಿಗೆ ಆ ಜಾಣ್ಮೆಯೂ ಬೇಡ, 'ಮೊದಲ' ಎಂಬುದನ್ನು ತೆಗೆದು ಏನು ನಡೆಯಿತೋ ಅದನ್ನು ಬರೆದರೆ ಸಾಕು. ಇಳಿದರು, ಪ್ರಾರ್ಥಿಸಲು ಅಪ್ಪಣೆಯಿತ್ತು, ದಿನಾಂಕ ಇದು. ಇನ್ನು ಆ ನೆಲದಲ್ಲಿ ಅವರಿಗಿಂತ ಮುಂಚೆ ವೆಯನೋಕ್ ಜನ ಮೆಕ್ಕೆಜೋಳ ಬೆಳೆಯುತ್ತಿದ್ದರು. ಭೂಮಿಯ ಚರಿತ್ರೆ ಮಂಜೂರಾತಿ ಪತ್ರದಿಂದ ಶುರುವಾಗುವ ಫಲಕದಲ್ಲಿ ಅವರು ಇರುವುದೇ ಇಲ್ಲ.

ಜಾಗ ಎಷ್ಟಿದೆ ಎಂದು ಕೇಳಿದರೆ, ಸುಮಾರು 700 ಅಕ್ಷರ, ಇಂಗ್ಲಿಷಿನಲ್ಲಿ ನೂರು-ನೂರಹತ್ತು ಪದ. ಸ್ಥಳ ಮತ್ತು ದಿಕ್ಕಿಗೆ ಹತ್ತು ಪದ ಹೋಯಿತು. ಉಳಿದದ್ದರಲ್ಲಿ ಭೂಮಿ ಯಾರದಿತ್ತು, ಯಾರ ಕೈಗೆ ಬಂತು, ಯಾವ ಕಟ್ಟಡ ಯಾವಾಗ ಎದ್ದಿತು, ಯಾರ ದುಡಿಮೆ, ಏನು ಬೆಳೆದರು, ಆಮೇಲೆ ಏನಾಯಿತು, ಈಗ ಏನು ಉಳಿದಿದೆ. ವಂಶಾವಳಿಗೆ ಜಾಗ ಇಲ್ಲ. ಹರಿಸನ್ ಮನೆತನದಲ್ಲಿ ಬೆಂಜಮಿನ್ ಎಂಬ ಹೆಸರೇ ಸಾಲುಸಾಲು: ನಾಲ್ಕನೆಯವನು 1726ರಲ್ಲಿ ಬರ್ಕ್ಲಿಯ ಮನೆ ಕಟ್ಟಿಸಿದ, ಐದನೆಯವನು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ, ಅವನ ಮಗ ವಿಲಿಯಂ ಹೆನ್ರಿ 1773ರಲ್ಲಿ ಅಲ್ಲೇ ಹುಟ್ಟಿ ಅಧ್ಯಕ್ಷನಾದ. ಇದನ್ನೆಲ್ಲ ತುರುಕಿದರೆ ಫಲಕ ತುಂಬಿತು, ಎಸ್ಟೇಟು ಹೊರಗೇ ಉಳಿಯಿತು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಿ. ಹಳೆಯ ಶೈಲಿ: 'ಖ್ಯಾತ ಬರ್ಡ್ ಮನೆತನದ ಈ ಸುಂದರ ಭವನವನ್ನು 1730ರಲ್ಲಿ ವಿಲಿಯಂ ಬರ್ಡ್ ಕಟ್ಟಿದರು.' 'ಖ್ಯಾತ' ಹೋಗಲಿ, ಖ್ಯಾತನಾದವನಿಗೆ ಅದನ್ನು ಹೇಳಬೇಕಿಲ್ಲ. 'ಸುಂದರ' ಹೋಗಲಿ, ನೋಡುವವರು ನೋಡಿಕೊಳ್ಳುತ್ತಾರೆ. ವಿಲಿಯಂ ಎಷ್ಟನೆಯವನು? ಇಸವಿಗೆ ಆಧಾರ ಏನು? 'ಕಟ್ಟಿದರು' ಎಂಬುದು ಯಾರು? ತಿದ್ದಿದ ಮೇಲೆ: 'ಇಟ್ಟಿಗೆಯ ಈ ಮನೆ 1750ರ ಸುಮಾರಿನದು, ಮೂರನೇ ವಿಲಿಯಂ ಬರ್ಡ್ ಕಟ್ಟಿಸಿದ್ದು. ಇಲ್ಲಿ ತಂಬಾಕು ಬೆಳೆದವರು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರು ಮತ್ತು ಅವರ ಮಕ್ಕಳು.' ಎರಡು ವಿಶೇಷಣ ತೆಗೆದ ಜಾಗದಲ್ಲಿ ಒಂದು ಹೊಲದ ಜನರೆಲ್ಲ ಬಂದು ನಿಂತರು.

ಸಂಖ್ಯೆ ಸಿಕ್ಕರೆ ಬಳಸಬೇಕು, ಆದರೆ ವರ್ಷದ ಜೊತೆಗೆ. 1799ರಲ್ಲಿ ವಾಷಿಂಗ್ಟನ್ ತಾನೇ ಬರೆದಿಟ್ಟ ಪಟ್ಟಿಯ ಪ್ರಕಾರ ಅವನ ಎಸ್ಟೇಟು ಮೌಂಟ್ ವರ್ನನ್‌ನಲ್ಲಿ ಗುಲಾಮಗಿರಿಯಲ್ಲಿದ್ದವರು 317. 'ವಾಷಿಂಗ್ಟನ್ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ' ಎಂಬ ಒಂದು ಸಾಲು ಬರೆದರೆ ಓದುವವರು 317 ಜನವೂ ಬಿಡುಗಡೆಯಾದರು ಎಂದುಕೊಳ್ಳುತ್ತಾರೆ. ಅವನ ಹೆಸರಿನಲ್ಲಿದ್ದವರು 123. ಹೆಂಡತಿಯ ಮೊದಲ ಗಂಡನ ಆಸ್ತಿಯಿಂದ ಬಂದ 153 ಜನರನ್ನು ಬಿಡುವ ಅಧಿಕಾರ ಕಾನೂನಿನಲ್ಲಿ ಅವನಿಗಿರಲಿಲ್ಲ, ಉಳಿದವರಲ್ಲಿ ಬಹುತೇಕರು ಬಾಡಿಗೆಗೆ ಬಂದವರು. ಹಲವು ಮದುವೆಗಳು ಮಾತ್ರ ಈ ಗುಂಪುಗಳ ನಡುವೆ ಆಗಿದ್ದವು, ಹಾಗಾಗಿ ಎಷ್ಟೋ ಕಡೆ ಗಂಡನಿಗೆ ಬಿಡುಗಡೆ, ಹೆಂಡತಿ ಮಕ್ಕಳಿಗೆ ಇಲ್ಲ. ಇದರ ಪಕ್ಕದಲ್ಲಿ ನೊಮಿನಿ ಹಾಲ್‌ನ ರಾಬರ್ಟ್ ಕಾರ್ಟರ್ 1791ರಲ್ಲಿ, ಬದುಕಿದ್ದಾಗಲೇ, ಸುಮಾರು 500 ಜನರ ಹಂತಹಂತದ ಬಿಡುಗಡೆಗೆ ದಾನಪತ್ರ ನೋಂದಾಯಿಸಿದ. ಆ ಮನೆ 1850ರಲ್ಲಿ ಸುಟ್ಟುಹೋಯಿತು, ಹೆಸರೂ ಅಷ್ಟಾಗಿ ಪ್ರಚಾರವಿಲ್ಲ. ನಿಂತಿರುವ ಮನೆಗೆ ಸಿಗುವ ಓದುಗರು ಬಿದ್ದ ಮನೆಗೆ ಸಿಗುವುದಿಲ್ಲ, ಫಲಕ ನಿಜವಾಗಿ ಬೇಕಾಗಿರುವುದು ಅಂಥ ಕಡೆ.

ನಿಯಮಗಳನ್ನು ಬೇಗ ಹೇಳಿ ಮುಗಿಸಬಹುದು. ವಿಷಯಕ್ಕೆ ಕನಿಷ್ಠ 50 ವರ್ಷದ ಹಳತನ ಬೇಕು, ಊರಿನ ಮಟ್ಟಿಗಿಂತ ದೊಡ್ಡ ಮಹತ್ವ ಬೇಕು, ಬದುಕಿರುವವರಿಗೆ ಫಲಕವಿಲ್ಲ. ಅರ್ಜಿ ಹಾಕಿದವರೇ ತಯಾರಿಕೆಯ ಖರ್ಚು ಹೊರಬೇಕು. ಪಠ್ಯವನ್ನು ಇಲಾಖೆಯವರು ಆಧಾರಗಳ ಜೊತೆ ತಾಳೆ ನೋಡಿ ತಿದ್ದುತ್ತಾರೆ, ಮೂರು ತಿಂಗಳಿಗೊಮ್ಮೆ ಸೇರುವ ಮಂಡಳಿ ಒಪ್ಪಬೇಕು. ದುಡ್ಡು ಕೊಟ್ಟವರಿಗೆ ಪಠ್ಯದ ಮೇಲೆ ಹಕ್ಕಿಲ್ಲ ಎಂಬುದು ಹಲವರಿಗೆ ಆಮೇಲೆ ಅರಿವಾಗುತ್ತದೆ. ಮತ್ತೊಂದು ತಪ್ಪು ಕಲ್ಪನೆ: ಫಲಕ ಬಂದರೆ ಜಾಗಕ್ಕೆ ರಕ್ಷಣೆ ಬಂತು ಎಂಬುದು. ಇಲ್ಲ. ಐತಿಹಾಸಿಕ ಸ್ಥಳಗಳ ರಿಜಿಸ್ಟರ್‌ಗಳೇ ಬೇರೆ, ಅವಕ್ಕೆ 1966ರ ಕಾನೂನುಗಳಿವೆ. ಫಲಕದ ಎದುರಿನ ಮನೆಯನ್ನು ಒಡೆಯ ನಾಳೆ ಕೆಡವಿದರೆ ಫಲಕ ಮೂಕಸಾಕ್ಷಿ.

ಇನ್ನು ಎರಕ. ಅಮೆರಿಕದ ಈ ಬಗೆಯ ಫಲಕಗಳಲ್ಲಿ ಬಹಳಷ್ಟು ಒಹಾಯೋದ ಮರಿಯಟ್ಟಾ ಊರಿನ ಸೇವಾ ಸ್ಟುಡಿಯೋಸ್‌ನಲ್ಲಿ ಆಗುತ್ತವೆ. ನಮ್ಮ 'ಸೇವೆ'ಗೂ ಅದಕ್ಕೂ ಸಂಬಂಧವಿಲ್ಲ, ಸ್ಥಾಪಕ ಹಾಸ್ ಎಂಬಾತನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗು ಬರೆದರೆ ಆಗುವ ಪದ ಅದು. ಸಮತಟ್ಟು ಹಲಗೆಯ ಮೇಲೆ ಒಂದೊಂದೇ ಅಕ್ಷರವನ್ನು ಜೋಡಿಸಿ ಅಂಟಿಸುತ್ತಾರೆ, ಅದೇ ಮಾದರಿ. ಮಾದರಿಯ ಸುತ್ತ ಮರಳು ಒತ್ತಿ, ಮಾದರಿ ತೆಗೆದು, ಉಳಿದ ಟೊಳ್ಳಿಗೆ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಹೊಯ್ಯುವಾಗ 700ರ ಮೇಲೆ ಇರಬೇಕು, ಇಲ್ಲದಿದ್ದರೆ ಮೂಲೆ ತಲುಪುವ ಮೊದಲೇ ಗಟ್ಟಿಯಾಗಿ ಎರಡು ಹರಿವುಗಳ ನಡುವೆ ಗೆರೆ ಬೀಳುತ್ತದೆ. ಆರುವಾಗ ಲೋಹ ಶೇಕಡ 1.3ರಷ್ಟು ಕುಗ್ಗುತ್ತದೆ, ಅಡಿಗೆ 5/32 ಇಂಚು. 42 ಇಂಚು ಅಗಲದ ಫಲಕ ಬೇಕಿದ್ದರೆ ಮಾದರಿ ಅರ್ಧ ಇಂಚಿಗಿಂತ ಚೂರು ಹೆಚ್ಚು ದೊಡ್ಡದಿರಬೇಕು.

ಅಕ್ಷರದ ಬದಿಗಳು ನೆಟ್ಟಗೆ ಇರಕೂಡದು, ಸ್ವಲ್ಪ ಇಳಿಜಾರಿರಬೇಕು. ನೆಟ್ಟಗಿದ್ದರೆ ಮಾದರಿ ಎತ್ತುವಾಗ ಮರಳನ್ನೂ ಕಿತ್ತುಕೊಂಡು ಬರುತ್ತದೆ. ಮೊದಲು ಕೆಡುವುದು ಇಂಗ್ಲಿಷಿನ ಸಣ್ಣ 'ಎ', 'ಇ' ಅಕ್ಷರಗಳ ಹೊಟ್ಟೆ. ಅಲ್ಲಿ ಕಡಲೆಕಾಳಿಗಿಂತ ಚಿಕ್ಕ ಮರಳಿನ ಗುಡ್ಡೆ ಒಂಟಿಯಾಗಿ ನಿಂತಿರುತ್ತದೆ, ಅದು ಮುರಿದರೆ ಹೊಟ್ಟೆ ತುಂಬಿ ಅಕ್ಷರ ಮುದ್ದೆಯಾಗುತ್ತದೆ. ಮರಳಿನಲ್ಲಿ ತೇವ ಹೆಚ್ಚಿದ್ದರೆ ಕರಗಿದ ಲೋಹ ಹೈಡ್ರೋಜನ್ ಹೀರಿಕೊಂಡು, ಆರುವಾಗ ಬಿಟ್ಟು, ಸೂಜಿಮೊನೆಯಂಥ ತೂತುಗಳನ್ನು ಉಳಿಸುತ್ತದೆ. ಬಣ್ಣದ ಕೆಳಗೆ ನೀರು ಕುಳಿತುಕೊಳ್ಳುವುದು ಆಮೇಲೆ ಅಲ್ಲಿಯೇ. ಪೂರ್ತಿ ಫಲಕಕ್ಕೆ ಬಣ್ಣ ಬಳಿದು ಕಾವಿನಲ್ಲಿ ಗಟ್ಟಿ ಮಾಡಿದ ಮೇಲೆ ಉಬ್ಬಿದ ಅಕ್ಷರಗಳ ತಲೆಗೆ ಮಾತ್ರ ಕಪ್ಪು ಹಚ್ಚುತ್ತಾರೆ. ಕೊರೆದ ಅಕ್ಷರಕ್ಕಿಂತ ಉಬ್ಬಿದ ಅಕ್ಷರ ಮೇಲು ಎಂಬುದು ಇದಕ್ಕೇ: ಇಪ್ಪತ್ತು ವರ್ಷದ ಮೇಲೆ ಗಟ್ಟಿ ರೋಲರ್ ಒಂದಿದ್ದರೆ ಮತ್ತೆ ಬಣ್ಣ ಕೊಡಬಹುದು. ಅಕ್ಷರತಪ್ಪನ್ನು ಮಾತ್ರ ರೋಲರ್ ತಿದ್ದದು. ಶಾಸನ ಕೆತ್ತುವವನ ಕಷ್ಟವೇ ಇವರದೂ. ಅಚ್ಚಿಗೆ ಕೊಡುವ ಮೊದಲು ಪಠ್ಯವನ್ನು ಹಿಂದಿನಿಂದ ಮುಂದಕ್ಕೆ, ಪದ ಪದವಾಗಿ, ಬರೆಯದ ಇಬ್ಬರು ಓದಬೇಕು. ಹೆಚ್ಚು ತಪ್ಪು ಸಿಗುವುದು ಶೀರ್ಷಿಕೆಯಲ್ಲಿ, ಅಲ್ಲಿ ತಪ್ಪಿರಲಾರದು ಎಂದು ಯಾರೂ ನೋಡಿರುವುದಿಲ್ಲ.

ಎಲ್ಲಿ ನೆಡಬೇಕು ಎಂಬುದು ಗಣಿತ. ರಸ್ತೆ ಫಲಕಗಳ ಲೆಕ್ಕದಲ್ಲಿ ಒಂದು ಇಂಚಿನ ಅಕ್ಷರ 30 ಅಡಿ ದೂರಕ್ಕೆ ಓದಲು ಬರುತ್ತದೆ. ಗಂಟೆಗೆ 55 ಮೈಲಿಯ ಕಾರು ಸೆಕೆಂಡಿಗೆ 80 ಅಡಿ ಓಡುತ್ತದೆ. ಅಂದರೆ ಒಳಗಿನ ಪಠ್ಯಕ್ಕೆ ಸಿಗುವ ಸಮಯ ಅರ್ಧ ಸೆಕೆಂಡಿಗಿಂತ ಕಡಿಮೆ. ನೂರು ಪದ ಓದಲು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಕಾರು ಅರ್ಧ ಮೈಲಿಯ ಹತ್ತಿರ ಹೋಗಿರುತ್ತದೆ. ಆದ್ದರಿಂದ ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ ಫಲಕ ನೆಡುವುದು ವ್ಯರ್ಥ, ತಿರುವಿನಲ್ಲಿ ನೆಡುವುದು ಅಪಾಯ. ರೂಟ್ 5ರ ಪಕ್ಕದಲ್ಲಿ 2015ರಲ್ಲಿ ಮುಗಿದ 52 ಮೈಲಿಯ ಸೈಕಲ್ ದಾರಿ ಈ ಫಲಕಗಳಿಗೆ ಬಂದ ದೊಡ್ಡ ಭಾಗ್ಯ, ಸೈಕಲ್‌ನವರು ಹೇಗೂ ದಣಿವಾರಿಸಿಕೊಳ್ಳಲು ನಿಲ್ಲುತ್ತಾರೆ.

ಗುಂಡಿ ತೋಡುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ ನೆಲದೊಳಗಿನ ಗ್ಯಾಸ್, ಕೇಬಲ್ ಗುರುತು ಹಾಕಿಸಬೇಕು. ಕಂಬದ ಬುಡದ ಕಾಂಕ್ರೀಟಿನ ತಲೆ ಸುತ್ತಲೂ ಇಳಿಜಾರಾಗಿರಬೇಕು, ತಟ್ಟೆಯಂತೆ ತಗ್ಗಾಗಿದ್ದರೆ ನೀರು ನಿಲ್ಲುತ್ತದೆ. ಟೊಳ್ಳು ಕಂಬದ ತಲೆಯ ಮುಚ್ಚಳ ಹೋಗಿದ್ದರೆ ಮಳೆನೀರು ಒಳಗಿಳಿದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ ಕಂಬವನ್ನು ಉದ್ದಕ್ಕೆ ಸೀಳುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರ ತಾಗಿದರೆ, ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪಿನ ನೀರು ಸೇರಿ, ಸಣ್ಣ ಬ್ಯಾಟರಿಯೇ ಆಗುತ್ತದೆ, ಕರಗುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ ರೋಗ. ಸ್ಟೇನ್‌ಲೆಸ್ ಬೋಲ್ಟು, ನಡುವೆ ನೈಲಾನ್ ವಾಷರ್ ಹಾಕಿದರೆ ತಡೆಯುತ್ತದೆ. ತೊಳೆಯಲು ಸೌಮ್ಯ ಸಾಬೂನು, ನೀರು, ಮೆತ್ತಗಿನ ಬ್ರಷ್. ಮರದ ನೆರಳಿನಲ್ಲಿ ಬೆಳೆದ ಹಾವಸೆಯನ್ನು ನೆನೆಸಿ ಮರದ ಚಕ್ಕೆಯಿಂದ ಎಬ್ಬಿಸಬೇಕು. ತಂತಿ ಬ್ರಷ್ ಹಿಡಿದರೆ ಬಣ್ಣ ಹೋಯಿತು, ಮರಳು ಊದಿದರೆ ಅಕ್ಷರದ ಅಂಚೂ ಹೋಯಿತು.

ಕಾರು ಗುದ್ದಿ ಫಲಕ ಬಿದ್ದರೆ ಸಾಮಾನ್ಯವಾಗಿ ಮುರಿಯುವುದು ಕಂಬಕ್ಕೆ ಕೂರುವ ಕೆಳಗಿನ ಕೊಳವೆಯ ಕುತ್ತಿಗೆ. ಬಿರುಕು ಅಲ್ಲಿಗೇ ನಿಂತಿದ್ದರೆ ಬೆಸುಗೆ ಹಾಕಬಹುದು, ಅಕ್ಷರಗಳವರೆಗೆ ಓಡಿದ್ದರೆ ಹೊಸ ಎರಕವೇ ದಾರಿ. ಆಗ ಹಳೆಯ ಫೋಟೋ ನೋಡಿ ಅದೇ ಪಠ್ಯವನ್ನು ಮತ್ತೆ ಎರಕ ಹೊಯ್ಸುವ ಆತುರ ಬೇಡ. ಇಸವಿ, ದೂರ, ಕ್ರಿಯಾಪದ ಮೂರನ್ನೂ ಮತ್ತೊಮ್ಮೆ ತಾಳೆ ನೋಡಬೇಕು, ಪಠ್ಯ ಬದಲಾದರೆ ಕೆಳಸಾಲಿನಲ್ಲಿ ಹೊಸ ವರ್ಷ ಬರಬೇಕು. ಹೊಸ ಪಠ್ಯದ ಕೆಳಗೆ ಹಳೆಯ ವರ್ಷ ಉಳಿದರೆ, ಮುಂದೆ ಕೆಳಸಾಲಿನಿಂದ ಓದಲು ಶುರುಮಾಡುವವರು ದಾರಿ ತಪ್ಪುತ್ತಾರೆ.